‘ಆತ್ ತಗೋರಿ’ ಎಂದು ಬಂದ ಸಮಿತಿ ಸದಸ್ಯ

ಒಲ್ಲೆ ಎನ್ನುವುದು ನನಗೆ ಬಾರದ ವಿದ್ಯೆ. ನನಗೊಬ್ಬನಿಗೇ ಅಲ್ಲ, ನಮ್ಮ ಗಂಗಾವತಿಯ ಕಡೆ ಬಹಳ ಮಂದಿಗೆ ಬರುವುದಿಲ್ಲ. ಹಾಗಂತ ನಾವು ಎಲ್ಲದಕ್ಕೂ ಒಪ್ಪಿಬಿಡುವವರೆಂದು ಯಾರೂ ತಿಳಿಯಬಾರದು. ಒಪ್ಪದಿದ್ದಾಗ ಹೇಳುವುದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ: ‘ಆತ್ ತಗೋರಿ, ನೋಡೋಣಂತ.’ ಅಕ್ಷರ ಹಿಡಿದು ನೋಡಿದರೆ ಇದರಲ್ಲಿ ‘ಆಯಿತು’ ಎಂದೇ ಇದೆ. ಆದರೆ ‘ತಗೋರಿ’ಯನ್ನು ತುಸು ಎಳೆದು, ಮುಖವನ್ನು ಬಾಗಿಲ ಕಡೆ ತಿರುಗಿಸಿ ಹೇಳಿದರೆ ಆ ಕೆಲಸ ಈ ಜನ್ಮದಲ್ಲಿ ಆಗುವುದಿಲ್ಲವೆಂದು ನಮ್ಮೂರ ಕೂಸಿಗೂ ಗೊತ್ತು. ಕುಕನೂರಿನ ನನ್ನ ಸೋದರಮಾವ ಎಲ್ಲ ಚುನಾವಣೆಗಳನ್ನೂ ಇದೊಂದೇ ಮಾತಿನಲ್ಲಿ ದಾಟಿದ್ದಾನೆ. ಮತ ಕೇಳಲು ಬಂದ ಎಲ್ಲ ಪಕ್ಷದವರೂ ಅವನ ಮನೆಯಲ್ಲಿ ಚಹಾ ಕುಡಿದು ಖುಷಿಯಿಂದಲೇ ಹೋಗುತ್ತಾರೆ. ಅವನು ಯಾರಿಗೆ ಒತ್ತುತ್ತಾನೆಂಬುದು ನಮ್ಮ ಅತ್ತೆಗೂ ಗೊತ್ತಿಲ್ಲ.

ನನ್ನದು ಚುರುಮರಿ ಭಟ್ಟಿ. ಬೆಂಗಳೂರಿನವರು ಪುರಿ ಅನ್ನುತ್ತಾರಲ್ಲ, ಅದನ್ನು ಹುರಿಯುವ ಜಾಗ. ಭತ್ತದ ಹೊಟ್ಟು ಉರಿಸಿ, ಕಾದ ಉಸುಕಿನಲ್ಲಿ ಅಕ್ಕಿ ಅರಳಿಸುವ ಕೆಲಸ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಭಟ್ಟಿ ಮಾಲೀಕರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ವರ್ಷಕ್ಕೊಮ್ಮೆ ಹುಲಿಗಿಯಲ್ಲಿ ಕೂಡಿ, ಅಮ್ಮನ ದರ್ಶನ ಮಾಡಿ, ಊಟ ಮಾಡಿ, ಮುಂದಿನ ವರ್ಷ ಏನಾದರೂ ಮಾಡಬೇಕೆಂದು ಮಾತಾಡಿಕೊಂಡು ಏಳುವುದು ಅದರ ಮುಖ್ಯ ಚಟುವಟಿಕೆ. ಹೀಗೆ ಸುಖವಾಗಿದ್ದ ಸಂಘಕ್ಕೆ ಬೆಂಗಳೂರಿನಿಂದ ಕರೆ ಬಂತು. ಸಣ್ಣ ಆಹಾರ ಉದ್ಯಮಗಳಿಗೆ ರಾಜ್ಯ ಹೊಸ ನೀತಿ ಮಾಡುತ್ತಿದೆ, ಅದರ ಸಮಿತಿಗೆ ನಿಮ್ಮವರೊಬ್ಬರು ಸದಸ್ಯರಾಗಬೇಕು ಎಂದು. ಸಂಘದ ಅಧ್ಯಕ್ಷ, ಕುಷ್ಟಗಿಯ ಶರಣಪ್ಪಣ್ಣ ನನ್ನತ್ತ ಬೆರಳು ಮಾಡಿದ. ‘ನೀ ಬಿ.ಕಾಂ. ಓದಿದಾಂವ. ಮ್ಯಾಲ ನಿನ್ನ ಕಡೆ ಕೋಟ್ ಐತಿ. ನೀನ ಹೋಗು.’ ಕೋಟು ಇದ್ದದ್ದು ನಿಜ. ಅದು ಮದುವೆಯ ಕೋಟು, ಗುಂಡಿ ಹಾಕದಿದ್ದರೆ ಈಗಲೂ ಆಗುತ್ತದೆ.

ಸಮಿತಿಯ ಕೋಣೆ ತಂಪಾಗಿತ್ತು. ನನ್ನ ಹೆಸರು ಬರೆದ ಫಲಕದ ಮುಂದೆ ಕೂತಾಗ, ಸುಳ್ಳು ಯಾಕೆ ಹೇಳಲಿ, ಎದೆ ಸ್ವಲ್ಪ ಉಬ್ಬಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ ಮೇಡಂ ಬಹಳ ಒಳ್ಳೆಯವರು. ಬಿಸ್ಕತ್ತಿನ ತಟ್ಟೆಯನ್ನು ತಾವೇ ನನ್ನ ಕಡೆ ಸರಿಸಿ, ‘ಹೊಗೆಯ ತೊಂದರೆ ಅಂತ ಊರೊಳಗಿನ ಭಟ್ಟಿಗಳನ್ನೆಲ್ಲ ಊರಾಚೆ ಕೈಗಾರಿಕಾ ಪ್ರದೇಶಕ್ಕೆ ಕಳಿಸೋಣ ಅಂತ ಇದ್ದೀವಿ. ಕೊಪ್ಪಳದವರು ಏನಂತೀರಿ?’ ಎಂದು ಕೇಳಿದರು. ನಮ್ಮ ಭಟ್ಟಿಗಳು ಓಣಿಯ ಒಳಗೇ ಇವೆ. ಹುರಿಯುವ ಹೆಣ್ಣುಮಕ್ಕಳು ಎದುರು ಮನೆಯಿಂದ, ಹಿಂದಿನ ಸಂದಿಯಿಂದ ನಡೆದು ಬರುವವರು. ಊರಾಚೆ ಹೋದರೆ ಅವರ ಕೆಲಸ ಹೋದ ಹಾಗೆಯೇ. ಇಷ್ಟೂ ಗಂಟಲತನಕ ಬಂತು. ಆದರೆ ಅಷ್ಟು ಮರ್ಯಾದೆಯಿಂದ ಕೇಳಿದವರ ಮುಖಕ್ಕೆ ಹೊಡೆದಂತೆ ಒಲ್ಲೆ ಎನ್ನುವುದು ಹೇಗೆ? ಮುಖವನ್ನು ಬಾಗಿಲ ಕಡೆ ತಿರುಗಿಸಿ, ಎಳೆದು ಎಳೆದು ಹೇಳಿದೆ: ‘ಆತ್ ತಗೋರಿ ಮೇಡಂ, ನೋಡೋಣಂತ.’ ಇಷ್ಟು ಕಟುವಾಗಿ ವಿರೋಧಿಸಬಾರದಿತ್ತೇನೋ ಎಂದು ರೈಲಿನಲ್ಲಿ ಊರು ಮುಟ್ಟುವವರೆಗೂ ಕೊರಗಿದೆ.

ಮುಂದೆ ಸಭೆಯ ನಡಾವಳಿ ಬಂತು. ಸ್ಥಳಾಂತರಕ್ಕೆ ಕೊಪ್ಪಳದ ಪ್ರತಿನಿಧಿ ಸಂಪೂರ್ಣ ಸಮ್ಮತಿ ಸೂಚಿಸಿದರು ಎಂದು ಅದರಲ್ಲಿತ್ತು. ಶರಣಪ್ಪಣ್ಣ ಫೋನು ಮಾಡಿದ.

‘ಏನೋ ತಮ್ಮಾ, ಒಪ್ಪಿ ಬಂದೀಯಂತಲ್ಲ?’

‘ಇಲ್ಲಣ್ಣ, ನಾ ಆತ್ ತಗೋರಿ ಅಂದೀನಿ.’

‘ಹಂಗಂದ್ರ ಬ್ಯಾಡ ಅಂದಂಗಾತಲ್ಲೋ?’

‘ಹೂಂ ಮತ್ತ.’

‘ಮತ್ತ ಅವ್ರು ಹಿಂಗ್ಯಾಕ ಬರದಾರ?’

ನಮ್ಮಿಬ್ಬರಿಗೂ ಇದು ಬಗೆಹರಿಯಲಿಲ್ಲ. ಬಗೆಹರಿಸಿದವಳು ನನ್ನ ಹೆಂಡತಿ ಗಿರಿಜಾ. ‘ಆ ಕಡೆ ಮಂದಿಗೆ ಆತು ಅಂದ್ರ ಆತು ಅಂತನ ಅರ್ಥ. ನಮ್ಮ ವೈನಿ, ಅಣ್ಣನ ಹೇಣ್ತಿ, ತುಮಕೂರಾಕಿ. ಮದವಿಯಾದ ಹೊಸದಾಗ, ನಮ್ಮಪ್ಪ ಆತ್ ತಗೋವಾ, ಆತ್ ತಗೋವಾ ಅಂದಂಗ ತಾಟಿಗೆ ಹೋಳಿಗಿ ಹಾಕ್ಕೋತ ಹೋದ್ಲು. ಅಪ್ಪ ಬ್ಯಾಡ ಅನ್ನಾಕೂ ಆಗದ ಅಷ್ಟೂ ತಿಂದು ಎರಡು ದಿನ ಮಲಗಿದ್ದ.’

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಸುದ್ದಿ ಭಟ್ಟಿಗೂ ಮುಟ್ಟಿತ್ತು. ರಮಜಾನಬಿ ನನ್ನ ಅಪ್ಪನ ಕಾಲದಿಂದ ನಮ್ಮಲ್ಲಿ ಹುರಿಯುವವಳು. ಮನೆ ಭಟ್ಟಿಯ ಎದುರಿಗೇ. ಒಂದು ಬಾಣಲೆ ಇಳಿಸಿ ಹೋಗಿ ಮೊಮ್ಮಗಳ ಜಡೆ ಹಾಕಿ ಸಾಲಿಗೆ ಕಳಿಸಿ, ಮತ್ತೆ ಬಂದು ಕೂರುತ್ತಾಳೆ. ಆಕೆ ಕೈಯ ಉಸುಕು ಒರೆಸಿಕೊಳ್ಳುತ್ತ ಬಂದು ಕೇಳಿದಳು, ‘ಸಾವಕಾರ್ರ, ಭಟ್ಟಿ ಊರ ಹೊರಗ ಹೊಕ್ಕೈತಂತ. ಅಷ್ಟು ದೂರ ನಾವು ಹೆಂಗ ಬರೂದ್ರಿ?’

‘ಹಂಗೇನೂ ಆಗಂಗಿಲ್ಲ ಬಿಡವಾ.’

‘ನೀವ ಹೂಂ ಅಂದು ಬಂದೀರಂತಲ್ರಿ?’

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವತ್ತು ಊಟ ಸೇರಲಿಲ್ಲ. ನನ್ನ ಒಂದು ಸಂಕೋಚಕ್ಕೆ ಓಣಿಯ ಹೆಣ್ಣುಮಕ್ಕಳ ಒಲೆ ಆರುತ್ತದಲ್ಲ ಎಂಬುದೊಂದೇ ಯೋಚನೆ.

ಎರಡನೇ ಸಭೆಗೆ ಮೊದಲು ಗಿರಿಜಾ ನನಗೆ ತಾಲೀಮು ಕೊಟ್ಟಳು. ಅಡಿಗೆಮನೆಯಲ್ಲಿ ತಾನು ಮೇಡಂ ಆಗಿ ಕೂತು, ಬಿಸ್ಕತ್ತಿನ ತಟ್ಟೆ ಸರಿಸಿ, ‘ನಿಮ್ಮ ಒಪ್ಪಿಗಿ ಐತೇನ್ರಿ?’ ಎಂದು ಕೇಳುವಳು. ನಾನು ಬಾಗಿಲ ಕಡೆ ತಿರುಗುವೆ. ‘ಈ ಕಡೆ ನೋಡ್ರಿ. ಬ್ಯಾಡ ಅನ್ರಿ.’ ‘ಬ್ಯಾಡ ಅಂದ್ರ ಅವರ ಮನಸಿಗೆ ಹತ್ತತೈತಲ್ಲ?’ ಎಂದೆ. ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಂಡು, ‘ನಾ ತವರಿಗೆ ಹೋಗಿ ಬರ್ತೀನಿ ಅಂದಾಗ ಅಂತೀರಲ್ಲ, ಹಂಗ ಅನ್ರಿ’ ಎಂದಳು. ಅದರಿಂದ ಬಹಳ ಅನುಕೂಲವಾಯಿತು.

ಸಭೆಯಲ್ಲಿ ನಮ್ಮ ವಿಷಯ ಬಂದ ಕೂಡಲೇ ‘ಬ್ಯಾಡ್ರಿ ಮೇಡಂ’ ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು. ಚಹಾ ತಂದವನು ತನಗೇ ಅಂದೆನೆಂದು ಕಪ್ಪು ವಾಪಸು ಒಯ್ದ. ಆಮೇಲೆ ತಡೆಯಲಾಗಲಿಲ್ಲ. ಓಣಿ, ಹೆಣ್ಣುಮಕ್ಕಳು, ರಮಜಾನಬಿಯ ಮೊಮ್ಮಗಳ ಜಡೆ, ಎಲ್ಲವನ್ನೂ ಹೇಳಿದೆ. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ‘ಇದನ್ನ ಹೋದ ಸಲವೇ ಹೇಳಬಹುದಿತ್ತಲ್ಲ ನೀವು?’

‘ಹೇಳಿದ್ನಲ್ರಿ’ ಎಂದು, ನಮ್ಮ ಕಡೆ ‘ಆತ್ ತಗೋರಿ’ ಎಂದರೆ ಏನೆಂದು ವಿವರಿಸಿದೆ. ಕೋಣೆಯೆಲ್ಲ ನಕ್ಕಿತು. ವಿಜಯಪುರದ ಬೇಕರಿ ಸಂಘದವರು ಮಾತ್ರ ನಗಲಿಲ್ಲ. ಅವರು ಮೆಲ್ಲಗೆ ಅರ್ಧ ಎದ್ದು, ‘ಮೇಡಂ, ಹೋದ ಸಲ ನಾನೂ ಹಂಗ ಅಂದಿದ್ದೆರಿ’ ಎಂದರು. ಆಮೇಲೆ ಉತ್ತರದ ಜಿಲ್ಲೆಗಳವರ ಒಪ್ಪಿಗೆಗಳನ್ನೆಲ್ಲ ಮತ್ತೊಮ್ಮೆ ಕೇಳಿ ನೋಡಬೇಕಾಗಿ ಬಂತು. ಎಷ್ಟೋ ಒಪ್ಪಿಗೆಗಳು ಉಳಿಯಲಿಲ್ಲ.

‘ಸರಿ, ಭಟ್ಟಿ ಊರಲ್ಲೇ ಇರಲಿ. ಹೊಗೆಗೆ ಏನು ಮಾಡ್ತೀರಿ?’ ಎಂದರು ಮೇಡಂ. ನಾನು ತಾಲೀಮು ಮಾಡಿದ್ದು ‘ಬ್ಯಾಡ’ ಒಂದನ್ನೇ. ಆದರೆ ಗೆದ್ದ ಹುರುಪಿನಲ್ಲಿದ್ದೆ. ‘ಹೊಗಿ ಕೊಳವಿ ಎತ್ತರ ಮಾಡ್ತೀವ್ರಿ. ಬಾಜೂಕ ಎಷ್ಟು ಎತ್ತರದ ಮನಿ ಐತಿ, ಅದಕಿಂತ ಒಂದಾಳು ಮ್ಯಾಲ’ ಎಂದೆ. ಅದನ್ನೇ ನೀತಿಯಲ್ಲಿ ಸೇರಿಸಿದರು.

ಊರಿಗೆ ಬಂದಾಗ ಸಂಘದವರು ಶಾಲು ಹೊದಿಸಿದರು. ‘ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ’ ಎಂದಳು ರಮಜಾನಬಿ. ಶಾಲಿಗಿಂತ ಅದು ಬೆಚ್ಚಗಿತ್ತು. ಭಟ್ಟಿಗಳಿರುವ ಓಣಿಗಳಲ್ಲಿ ಹೆಚ್ಚಾಗಿ ಒಂದಂತಸ್ತಿನ ಮನೆಗಳೇ, ಆದ್ದರಿಂದ ಒಬ್ಬೊಬ್ಬರದಾಗಿ ಕೊಳವೆಗಳು ಸಲೀಸಾಗಿ ಮೇಲೇರಿದವು. ಕೊನೆಗೆ ಪರಿಶೀಲನೆಯವರು ನನ್ನ ಭಟ್ಟಿಗೆ ಬಂದು, ಪಕ್ಕದ ಮನೆಯ ಕಡೆ ಕತ್ತೆತ್ತಿ ನೋಡಿದರು. ಇಡೀ ಓಣಿಯಲ್ಲಿ ಮೂರಂತಸ್ತಿರುವುದು ಅದೊಂದೇ. ದೂರದಿಂದಲೇ ಎಲ್ಲರಿಗೂ ಕಾಣಲಿ ಎಂದು ಮಾಲೀಕ ಹೋದ ವರ್ಷವಷ್ಟೇ ಕೊನೆಯ ಅಂತಸ್ತು ಎಬ್ಬಿಸಿದ್ದ. ಆ ಮಾಲೀಕ ನಾನೇ.

ಈಗ ಆಳುಗಳು ಬಿದಿರ ಗಳ ಕಟ್ಟಿಕೊಂಡು ಮೇಲೆ ಹತ್ತಿದ್ದಾರೆ. ಓಣಿಯೆಲ್ಲ ನಿಂತು ನೋಡುತ್ತಿದೆ. ‘ಯವ್ವಾ, ಇಷ್ಟೆತ್ತರ ಮಾಡಂತ ಯಾರ ಹೇಳ್ಯಾರೋ ಏನೋ’ ಎಂದಳು ರಮಜಾನಬಿ. ಗಿರಿಜಾ ನನ್ನ ಕಡೆ ನೋಡಿದಳು. ನಾನು ಒಳಗೆ ಹೋಗಿ ಹೊಸ ನಡಾವಳಿಯನ್ನು ಮತ್ತೊಮ್ಮೆ ಓದಿದೆ. ಈ ಸಲ ಪುಣ್ಯಾತ್ಮರು ನಾನು ಹೇಳಿದ್ದನ್ನೇ, ಒಂದಕ್ಷರ ಬಿಡದೆ ಬರೆದುಕೊಂಡಿದ್ದರು.