ದೊರೆಯ ರಂದಾ, ಕೊರಿಯರ್ ಮೂಲಕ

ಸುರಪುರದ ದೊರೆಯ ಬಳಿ ರಂದಾ ಏಕಿತ್ತು? ಎಂಟನೆಯ ವಯಸ್ಸಿನಲ್ಲಿ ನನಗೆ ಹುಟ್ಟಿದ ಈ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ರಂದಾ ಎಂದರೆ ಮರದ ಮೈಯನ್ನು ನುಣುಪು ಮಾಡುವ ಬಡಿಗರ ಹತ್ಯಾರ. ನಮ್ಮಲ್ಲಿದ್ದ ಕಬ್ಬಿಣದ ರಂದಾವನ್ನು, ಅರಮನೆಯ ಬಾಗಿಲಿನ ಕೆಲಸಕ್ಕೆ ಮೆಚ್ಚಿ, ದೊರೆಯೇ ನಮ್ಮ ಮುತ್ಯಾನ ಮುತ್ಯಾನಿಗೆ, ಎಂದರೆ ಅಜ್ಜನ ಅಜ್ಜನಿಗೆ, ಕೈಯಾರೆ ಕೊಟ್ಟರೆಂಬುದು ನಾನು ಕೇಳುತ್ತ ಬೆಳೆದ ಕಥೆ. ಅಜ್ಜಿ ಹೇಳುವಾಗ ಅದು ಬಾಗಿಲು. ದೊಡ್ಡಪ್ಪ ಹೇಳುವಾಗ ತೂಗುಮಂಚ. “ದೊರಿ ಏನು ಬಡಿಗತನ ಮಾಡ್ತಿದ್ರೇನು?” ಎಂದು ಕೇಳಿದ್ದಕ್ಕೆ ಅಜ್ಜಿ, “ನೀ ಸಾಲಿಗಿ ಹೋಗೂದು ಜಾಸ್ತಿ ಆತು” ಎಂದಿದ್ದಳು.

ಈಗ ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ವಸ್ತುಗಳನ್ನು ವಿಂಗಡಿಸಿ ಚೀಟಿ ಅಂಟಿಸುವುದು ನನ್ನ ವೃತ್ತಿ, ದುರದೃಷ್ಟವಶಾತ್ ನನ್ನ ಸ್ವಭಾವವೂ ಹೌದು. ಅಜಾಗರೂಕರು ಎಡವಿದರೆ ಜನ ಅಯ್ಯೋ ಎನ್ನುತ್ತಾರೆ. ನನ್ನಂಥವರು ಎಡವಿದರೆ ತಲೆ ತಗ್ಗಿಸುವುದೊಂದೇ ಉಳಿಯುತ್ತದೆ, ಮತ್ತು ನಾವು ಎಡವುತ್ತಲೇ ಇರುತ್ತೇವೆ. ಒಂದೇ ವರ್ಷದಲ್ಲಿ ಒದಗಿದ ಅಂಥ ನಾಲ್ಕು ಎಡವಟ್ಟುಗಳನ್ನು ಕ್ರಮಸಂಖ್ಯೆ ಹಾಕಿ ಬರೆಯುತ್ತಿದ್ದೇನೆ.

೧. ಮುಚ್ಚಳದ ಮೇಲಿನ ಚೀಟಿ

ಸುರಪುರದಲ್ಲಿರುವ ಅಪ್ಪ ಕೈ ನಡುಗತೊಡಗಿದ ಮೇಲೆ ಬಡಿಗತನ ಬಿಟ್ಟಿದ್ದಾರೆ. ಆದರೆ ಮಹಾನವಮಿಗೆ ಹತ್ಯಾರಗಳನ್ನು ಪೂಜಿಸುವ ಖಂಡೇಪೂಜೆಯಂದು ಮಾತ್ರ ಆ ರಂದಾ ಹಿಡಿದು, ಸಾಗವಾನಿ ಹಲಗೆಯಿಂದ ಒಂದೇ ಒಂದು ಎಳೆ ಸಿಪ್ಪೆ ತೆಗೆದು, ದೇವರ ಜಗಲಿಯ ಮೇಲಿಡುತ್ತಾರೆ. ಆ ಎಳೆ ತುಂಡಾಗದೆ ಬಂದರೆ ಇನ್ನೊಂದು ವರ್ಷ ತಾವು ಬಡಿಗರೇ ಎಂಬುದು ಅವರ ನಂಬಿಕೆ. ಪೂಜೆಯ ದಿನದವರೆಗೆ ರಂದಾದ ಪೆಟ್ಟಿಗೆಯನ್ನು ಯಾರೂ ತೆರೆಯುವಂತಿಲ್ಲ.

ಶ್ರಾವಣಕ್ಕೆ ಮೊದಲು, ಅಪ್ಪ ದೋರನಹಳ್ಳಿಯ ಬೀಗರ ಮನೆಗೆ ಹೋಗಿದ್ದಾಗ, ನಾನು ಸುರಪುರದ ಮನೆ ಸ್ವಚ್ಛಗೊಳಿಸಲು ಹೊರಟೆ. ಅಟ್ಟದ ಮೇಲೆ ಒಂದೇ ಅಳತೆಯ ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಕೆಂಪು ಬಟ್ಟೆ ಸುತ್ತಿದ ರಂದಾ, ಇನ್ನೊಂದರಲ್ಲಿ ತುಕ್ಕು ಹಿಡಿದ ಬಿಜಾಗರಿ, ಮೊಳೆ. ದುಂಡಗಿನ ಅಕ್ಷರದಲ್ಲಿ ‘ಬೇಕಾದದ್ದು’, ‘ಬೇಡವಾದದ್ದು’ ಎಂದು ಬರೆದು ಅಂಟಿಸಿದೆ. ಅಂಟಿಸಿದ್ದು ಮುಚ್ಚಳಗಳಿಗೆ. ಆಮೇಲೆ ಪೆಟ್ಟಿಗೆಗಳ ಧೂಳು ಒರೆಸಲೆಂದು ಎರಡೂ ಮುಚ್ಚಳ ತೆಗೆದಿಟ್ಟೆ, ಒರೆಸಿಯಾದ ಮೇಲೆ ಕೈಗೆ ಸಿಕ್ಕಿದಂತೆ ಮುಚ್ಚಿದೆ.

ಗುಜರಿಯವನು ಪೆಟ್ಟಿಗೆ ಎತ್ತಿ ನೋಡಿ ಅನುಮಾನಿಸಿದ. “ಅಕ್ಕೋರ, ಇದರಾಗ ಏನೋ ಅರಬಿ ಸುತ್ತಿ ಇಟ್ಟಾರಲ್ರಿ. ಖರೇನೆ ಬ್ಯಾಡೇನ್ರಿ?”

ನಾನು ಪೊರಕೆಯಿಂದ ತಲೆ ಎತ್ತದೆ, “ಮ್ಯಾಲ ಬರದದ್ದು ಓದಾಕ ಬರಂಗಿಲ್ಲೇನು?” ಎಂದೆ.

ಅವನು ನಿಧಾನವಾಗಿ ಓದಿದ. “ಅಕ್ಷರ ಮಾತ್ರ ಭಾಳ ಛಂದ ಅದಾವ್ರಿ” ಎಂದು ಹೇಳಿ, ದೊರೆಯ ರಂದಾವನ್ನು ತಳ್ಳುಗಾಡಿಗೆ ಏರಿಸಿಕೊಂಡು ಹೋದ.

೨. ಉಡುಗೊರೆ

ಸಂಜೆ ಉಳಿದ ಪೆಟ್ಟಿಗೆ ತೆರೆದು ನಿಜ ತಿಳಿಯುವ ಹೊತ್ತಿಗೆ ಗುಜರಿಯವನ ಸಾಮಾನು ಲಾರಿ ಹತ್ತಿ ಊರು ಬಿಟ್ಟಿತ್ತು. ನಾನು ಯಾರಿಗೂ ಹೇಳಲಿಲ್ಲ. ಖಂಡೇಪೂಜೆಯೊಳಗೆ ಅಂಥದೇ ಒಂದನ್ನು ತರಿಸಿ, ಹಳೆಯದರಂತೆ ಕಪ್ಪಾಗಿಸಿ ಪೆಟ್ಟಿಗೆಯಲ್ಲಿಡುವುದೆಂದು ನಿಶ್ಚಯಿಸಿದೆ. ಅಪ್ಪನಿಗೆ ಸತ್ಯ ಹೇಳುವುದಕ್ಕಿಂತ ಮೊಬೈಲಿನಲ್ಲಿ ರಂದಾ ಹುಡುಕುವುದು ಸುಲಭವೆನಿಸಿತು. ಇದನ್ನು ಬರೆಯಲೂ ಸಂಕೋಚವಾಗುತ್ತದೆ.

ಉದ್ದ, ಅಗಲ, ತೂಕ, ಅಲಗಿನ ದಪ್ಪ ಎಲ್ಲವನ್ನೂ ಕೋಷ್ಟಕ ಮಾಡಿ ಹೋಲಿಸಿ, ಹೊಸದೊಂದನ್ನು ಆರ್ಡರ್ ಮಾಡಿದೆ. ಕೋಷ್ಟಕದಲ್ಲಿ ವಿಳಾಸದ ಕಾಲಂ ಇರಲಿಲ್ಲ. ಹಿಂದೊಮ್ಮೆ ಅವ್ವನಿಗೆ ಪ್ರೆಷರ್ ಕುಕ್ಕರ್ ಕಳಿಸಿದ್ದ ಸುರಪುರದ ವಿಳಾಸವನ್ನೇ ಮೊಬೈಲು ನೆನಪಿಟ್ಟುಕೊಂಡಿತ್ತು.

ಕೊರಿಯರ್‌ನವರ ಫೋನು ಬಂತು. “ಮೇಡಮ್, ನಿಮ್ಮ ಪಾರ್ಸಲ್ ಕೊಟ್ಟೀನ್ರಿ.”

“ಎಲ್ಲಿ ಕೊಟ್ರಿ? ಯಾರ ಕೈಯಾಗ?”

“ಸುರಪುರದಾಗ್ರಿ, ನಿಮ್ಮ ಮನ್ಯಾಗ ಹಿರ್ಯಾರು ಇದ್ರಲ್ರಿ, ಅವ್ರ ಕೈಯಾಗ. ನನ್ನ ಮುಂದೇ ಬಿಚ್ಚಿದ್ರು. ಮಗಳು ನೆನಪಿಟ್ಟು ಕಳಿಸ್ಯಾಳ ಅಂತ ಕಣ್ಣಾಗ ನೀರು ತಂದ್ರು ನೋಡ್ರಿ. ನನಗ ಛಾ ಕುಡಸ್ಯಾರ.”

ತಪ್ಪಿ ಬಂದಿದೆ, ವಾಪಸು ಕಳಿಸಬೇಕೆಂದು ಹೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ, ಭಾನುವಾರ ಸುರಪುರಕ್ಕೆ ಹೋದೆ. ಅಪ್ಪ ಅಂಗಳದಲ್ಲಿದ್ದರು. ಕಾರ್ಖಾನೆಯ ಹಿಡಿಕೆ ಇರುವ ಹತ್ಯಾರ ನಮ್ಮ ಮನೆಯೊಳಗೆ ಬರುವುದಿಲ್ಲ. ಹಿಡಿಯುವವನ ಅಂಗೈಗೆ ತಕ್ಕ ಹಿಡಿಕೆ ಕೆತ್ತಿ ಹಾಕಿದ ಮೇಲೆಯೇ ಅದು ಹೊಸ್ತಿಲು ದಾಟಬೇಕು. ನಡುಗುವ ಕೈಯಲ್ಲಿ ಮೂರು ದಿನ ಕೂತು, ಅಪ್ಪ ಜಾಲಿ ಮರದ ಹಿಡಿಕೆ ಕೆತ್ತಿ ಮುಗಿಸಿದ್ದರು.

“ಮುತ್ಯಾನ ರಂದಾಕ್ಕ ಜೋಡಿ ಆತು ನೋಡವ್ವ,” ಎಂದರು. “ಖಂಡೇಪೂಜಿಗಿ ಎರಡೂ ಬಾಜೂಬಾಜೂ ಇಡೂನು.”

ನಾನು ಕೊನೆಯ ಆಸೆಯಿಂದ ಕೇಳಿದೆ: “ಅಪ್ಪಾ, ಕಂಪನಿ ಹಿಡಿಕಿ ಎಲ್ಲದ?”

ಒಳಗಿನಿಂದ ಅವ್ವ ಸಾರಿನ ಪಾತ್ರೆಯ ಮುಚ್ಚಳ ಎತ್ತಿ ತೋರಿಸಿದಳು. ಹಿಡಿಕೆ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು. “ಕೈ ಸುಡಂಗಿಲ್ಲ ಈಗ,” ಎಂದಳು.

೩. ಹನ್ನೊಂದು ಪ್ರಶ್ನೆಗಳು

ಈಗ ಹಳೆಯದೇ ಬೇಕಾಯಿತು. ಬಳಸಿದ ಸಾಮಾನು ಮಾರುವ ತಾಣವೊಂದರಲ್ಲಿ ರಂದಾ ಮಾರುವ ಹತ್ತಾರು ಜನರಿಗೆ, ಹಿಂದಿನ ವರ್ಷದ ಪೂಜೆಯ ಫೋಟೊ ಕಳಿಸಿ, ಇಂಥದೇ ಬೇಕೆಂದು ಹನ್ನೊಂದು ಪ್ರಶ್ನೆಗಳನ್ನು ಬರೆದೆ. ಒಂಬತ್ತನೆಯ ಪ್ರಶ್ನೆ, “ಇದಕ್ಕೆ ಮೊದಲು ಇದನ್ನು ಯಾರು ಯಾರು ಬಳಸಿದ್ದರು?” ಎಂಬುದಾಗಿತ್ತು. ಯಾದಗಿರಿಯ ಒಬ್ಬ ಮಿಸ್ತ್ರಿ ಮಾತ್ರ ಫೋನು ಮಾಡಿದರು.

“ಆಪಾ, ಅಕ್ಕೋರ, ಇದು ರಂದಾ ಅದರಿ. ನೀವು ವರನ್ನ ಕೇಳಿದಂಗ ಕೇಳೀರಿ.”

ನಾನು ಕ್ಷಮೆ ಕೇಳಿದೆ.

“ಫೋಟೊ ನೋಡೀನಿ. ನಿಮ್ದು ಹೊಸಾದು ಅದ, ನಂದು ಹಳೇದು. ನಮ್ಮ ದಾದಾ, ಅಂದ್ರ ಅಜ್ಜಾಂದು. ನಡೀತದೇನ್ರಿ?”

ನಮ್ಮ ರಂದಾವನ್ನು ಹೊಸದೆಂದದ್ದು ನನಗೆ ಸಹಿಸಲಾಗಲಿಲ್ಲ. ಸ್ವತಃ ನಾನು ನಂಬದ ಕಥೆಯನ್ನೇ ದೊರೆ, ಅರಮನೆ, ಬಾಗಿಲು ಸಹಿತ ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, “ಹಂಗಾದ್ರ ಇರ್ಲಿ ಬಿಡ್ರಿ” ಎಂದಷ್ಟೇ ಹೇಳಿ, ಮರುದಿನ ಶಹಾಪುರದ ಕ್ರೂಸರ್ ಜೀಪಿನ ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸುವುದಾಗಿ ತಿಳಿಸಿದರು.

ಶಹಾಪುರದಲ್ಲಿ ಆ ಕ್ರೂಸರ್ ನಿಂತಾಗ ನಾನು ಸೀಟಿನ ಕೆಳಗೆ, ಮೇಲೆ, ಹಿಂದೆ ಎಲ್ಲ ಹುಡುಕಿದೆ. ಪ್ರಯಾಣಿಕರ ಜೋಳದ ಚೀಲಗಳನ್ನೂ ಸರಿಸಿ ನೋಡಿದೆ. ಒಬ್ಬ ಅಜ್ಜಿ, “ಏನ್ ಕಳಕೊಂಡಿ ಯವ್ವಾ, ಬಂಗಾರದ್ದೇನು?” ಎಂದು ಕೇಳಿದರು. ಬೆವರುತ್ತ ಇಳಿದು ಡ್ರೈವರನನ್ನು ವಿಚಾರಿಸಿದೆ.

“ಇಲ್ಲೇ ಅದ ತಡೀರಿ ಅಕ್ಕೋರ,” ಎಂದು ಅವನು ಬಗ್ಗಿ, ಹಿಂದಿನ ಗಾಲಿಯ ಕೆಳಗಿನಿಂದ ಗೋಣಿಚೀಲದ ಗಂಟು ಎಳೆದ. “ಹ್ಯಾಂಡ್‌ಬ್ರೇಕ್ ಹಿಡೀವಲ್ದು. ನಡುವ ಎಲ್ಲೆಲ್ಲಿ ನಿಂತೆ ಅಲ್ಲೆಲ್ಲ ಇದನ್ನ ಅಡ್ಡ ಕೊಟ್ಟೆ. ಭಾಳ ಚಲೋ ಸಾಮಾನರಿ, ಒಂದು ಬೆರಳೂ ಸರೀಲಿಲ್ಲ ಗಾಡಿ.”

ಗಂಟು ಎತ್ತಿಕೊಂಡೆ. ಆಧಾರ ತಪ್ಪಿದ ಗಾಡಿ ಮೆಲ್ಲಗೆ ಹಿಂದೆ ಸರಿಯಿತು. ಒಂಬತ್ತನೆಯ ಪ್ರಶ್ನೆಗೆ ನನಗೆ ಭಾಗಶಃ ಉತ್ತರ ಸಿಕ್ಕಿತ್ತು.

೪. ಒಂದು ಎಳೆ ಸಿಪ್ಪೆ

ಎಳ್ಳೆಣ್ಣೆಗೆ ಬೂದಿ ಕಲಸಿ ಹಚ್ಚಿ, ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ, ಬಿಜಾಗರಿ, ಮೊಳೆ ಖಾಲಿ ಮಾಡಿ ಉಳಿದಿದ್ದ ಪೆಟ್ಟಿಗೆಯಲ್ಲಿ ಅದನ್ನಿಟ್ಟೆ. ಈ ಸಲ ಚೀಟಿ ಅಂಟಿಸಲಿಲ್ಲ.

ಪೂಜೆಯ ದಿನ ಓಣಿಯವರೆಲ್ಲ ಸೇರಿದ್ದರು. ಅಪ್ಪ ಎರಡು ರಂದಾಗಳನ್ನೂ ಜೋಡಿಸಿ, ಕುಂಕುಮ ಹಚ್ಚಿ, ದೊರೆಯ ಕಥೆಯನ್ನು ಎಂದಿನಂತೆ ಹೇಳಿದರು. ಆಮೇಲೆ ಹಳೆಯದನ್ನು ಕೈಗೆತ್ತಿಕೊಂಡು ಹಲಗೆಯ ಮೇಲಿಟ್ಟರು. ಇಟ್ಟವರು ತಡೆದರು. ಹಿಡಿಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅದು ಇನ್ನೊಬ್ಬರ ಅಂಗೈಗೆ ಕೆತ್ತಿದ ಹಿಡಿಕೆ. ಬಡಿಗನ ಮಗಳಾಗಿಯೂ ನನಗೆ ಅದು ಹೊಳೆದಿರಲಿಲ್ಲ. ನಾನು ಕಂಬದ ಹಿಂದೆ ಸರಿದೆ.

ಅಪ್ಪ ಉಸಿರು ಬಿಗಿಹಿಡಿದು ತಳ್ಳಿದರು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ, ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಿನ ಎಳೆ ತುಂಡಾಗದೆ ಸುರುಳಿ ಸುತ್ತಿ ಬಂತು. ಓಣಿಯವರು ದೊರೆಗೆ ಕೈ ಮುಗಿದರು.

ಎಲ್ಲರೂ ಹೋದ ಮೇಲೆ ಅಪ್ಪ ನನ್ನನ್ನು ಮಾಳಿಗೆಗೆ ಕರೆದರು. “ಇದು ಯಾರದವ್ವಾ?”

ಗುಜರಿ, ಮುಚ್ಚಳ, ಮಿಸ್ತ್ರಿ, ಗಾಲಿ ಎಲ್ಲವನ್ನೂ ಹೇಳಿದೆ. ಹೇಳುವಾಗ ನೆಲವನ್ನೇ ನೋಡುತ್ತಿದ್ದೆ. ಅಪ್ಪ ರಂದಾವನ್ನು ತಿರುವಿ ನೋಡಿ ಕೇಳಿದರು: “ಕಪ್ ಮಾಡಾಕ ಏನ್ ಹಚ್ಚಿದಿ?”

“ಎಳ್ಳೆಣ್ಣಿ, ಬೂದಿ.”

“ಬೂದಿ ಉದುರ್ತದ. ದೀಪದ ಕಾಡಿಗಿ ಹಚ್ಚಬೇಕು. ನಾ ಅದನ್ನೇ ಹಚ್ಚಿದ್ದೆ.”

ನಾನು ತಲೆ ಎತ್ತಿದೆ. ಅಪ್ಪ ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದರು.

“ನಿಮ್ಮವ್ವಗ ಹೇಳಬ್ಯಾಡ. ಮುತ್ಯಾಂದು ನಾ ಸೈದಾಪುರದಾಗ ಇಳಿಯೂ ಮುಂದ ರೈಲಿನ್ಯಾಗೇ ಮರತೆ. ಮದಿವ್ಯಾದ ವರ್ಷ. ಮರುದಿನ ಯಾದಗಿರಿ ಬಜಾರದಾಗ ಒಂದು ತಂದು, ಹಿಡಿಕಿ ಕೆತ್ತಿ ಹಾಕಿ, ಪೆಟಗ್ಯಾಗಿಟ್ಟೆ. ನೀ ಗುಜರಿಗಿ ಕೊಟ್ಟಿದ್ದು ಅದು. ಖರೇ ಹೇಳ್ತೀನಿ, ಅದಕ್ಕಿಂತ ಇದು ಚಲೋ ಅದ.”

“ಅಪ್ಪಾ, ಮತ್ತ ಪ್ರತಿ ವರ್ಷ ದೊರಿ ಕಥಿ ಹೇಳ್ತಿದ್ದಿಯಲ್ಲ?”

“ಕಥಿ ಕಳದಿರಲಿಲ್ಲಲ್ಲವ್ವ.”

ಅಂದು ಇಬ್ಬರೂ ಒಬ್ಬರ ಮುಖವನ್ನೊಬ್ಬರು ಸರಿಯಾಗಿ ನೋಡದೆ ಹೋಳಿಗೆ ಉಂಡೆವು. ಆದರೆ ಬಸ್ಸಿನಲ್ಲಿ ಮರಳುವಾಗ ನನ್ನ ಸ್ವಭಾವ ತಲೆ ಎತ್ತಿತು. ನನ್ನ ನಾಚಿಕೆಯನ್ನು ಅರ್ಧ ಹಂಚಿಕೊಳ್ಳಲೆಂದೇ ಅಪ್ಪ ಅಲ್ಲಿಯೇ ಕೂತು ಆ ರೈಲಿನ ಕಥೆಯನ್ನು ಕಟ್ಟಿರಲಾರರೆ? ನಮ್ಮ ಮನೆಯಲ್ಲಿ ಕಥೆಗಳೇನು ಕಡಿಮೆಯೆ?

ಮರುದಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಹತ್ತಾರು ಜನರಿಗೆ ಕಳಿಸಿ ನಾನೊಬ್ಬಳೇ ಸರಿಯಾಗಿ ನೋಡದಿದ್ದ ಆ ಹಳೆಯ ಫೋಟೊ ತೆರೆದು ದೊಡ್ಡದು ಮಾಡಿದೆ. ಯಾದಗಿರಿಯ ಮಿಸ್ತ್ರಿ ಮೊದಲ ನೋಟಕ್ಕೇ ಕಂಡಿದ್ದರು. ದೊರೆ ಕೊಟ್ಟ ರಂದಾದ ಅಲಗಿನ ಮೇಲೆ, ಕುಂಕುಮದ ಬೊಟ್ಟಿನಿಂದ ಅರ್ಧ ಬೆರಳು ಕೆಳಗೆ, ಅವ್ವನ ಪ್ರೆಷರ್ ಕುಕ್ಕರಿನ ಮೇಲಿರುವಂಥದೇ ಐಎಸ್ಐ ಮುದ್ರೆ ಇದೆ.