ಮುಖ್ಯಪಾತ್ರ, ಕಿರುಪಾತ್ರ ಮತ್ತು ಒಂದು ಲಗ್ನಪತ್ರಿಕೆ

ಹಗಲುಗನಸು ಕಾಣುವವರಿಗೆ ಮೇಷ್ಟ್ರ ಕೆಲಸದಷ್ಟು ಹಿತವಾದದ್ದು ಇನ್ನೊಂದಿಲ್ಲ. ಸುಮ್ಮನೆ ಕಿಟಕಿಯಾಚೆ ನೋಡುತ್ತ ನಿಂತರೂ ಏನೋ ಗಹನವಾದದ್ದನ್ನು ಯೋಚಿಸುತ್ತಿದ್ದಾರೆ ಎಂದು ಜನ ತಿಳಿಯುತ್ತಾರೆ. ಆಂಧ್ರದ ಗಡಿಯೂರು ಆದೋನಿಯ ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಪ್ರಾಚೀನ ಗ್ರೀಕರ ಯುದ್ಧಕಾವ್ಯವನ್ನು. ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಹಿಂದಿರುವ, ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ಹತ್ತಿಯ ಎಳೆಗಳು ತೇಲಿ ಬಂದು ಮೇಜಿನ ಮೇಲೆ ಕೂರುತ್ತವೆ. ನನಗವು ಕಡಲಿನ ನೊರೆಯ ಹಾಗೆ ಕಾಣುತ್ತವೆ. ನಾನು ಕಡಲನ್ನು ಕಂಡವನಲ್ಲ. ಮಾಧವರಂ ಹತ್ತಿರ ಮೈದುಂಬಿದ ತುಂಗಭದ್ರೆಯೇ ನಾನು ಕಂಡ ದೊಡ್ಡ ನೀರು. ಆದರೂ ಕಣ್ಣು ಅರೆಮುಚ್ಚಿದರೆ ಸಾಕು, ಹಡಗುಗಳು ಒಂದೊಂದಾಗಿ ಬರತೊಡಗುತ್ತವೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಎಚ್ಚರವಿದ್ದ ದಿನ ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಮುಖ್ಯಪಾತ್ರಗಳು: ಸಿಟ್ಟಿನಿಂದ ಡೇರೆ ಸೇರಿದ ವೀರ, ಹಟ ಬಿಡದ ರಾಜ. ಬಲಕ್ಕೆ ಕಿರುಪಾತ್ರಗಳು: ದಾದಿಯರು, ರಥ ಹೊಡೆಯುವವರು, ಒಂದೇ ಸಾಲಿನಲ್ಲಿ ಬಂದು ಅದೇ ಸಾಲಿನಲ್ಲಿ ಸಾಯುವ ಸೈನಿಕರು. "ರಥ ಹೊಡೆಯುವವನನ್ನು ಪರೀಕ್ಷೆಗೆ ಓದದಿದ್ದರೂ ನಡೆಯುತ್ತದೆ" ಎಂದು ವರ್ಷ ವರ್ಷವೂ ಧೈರ್ಯ ಹೇಳುತ್ತ ಬಂದಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಕ್ಕನ ಮಗಳ ಮದುವೆ ಗೊತ್ತಾಯಿತು. "ನೀ ಓದಿದಾವ ಅದೀಯಪ್ಪ. ಕಾರ್ಡಿನ್ಯಾಗ ಯಾರ ಹೆಸರು ಎಲ್ಲಿ ಬರ್ಬೇಕು, ನೀನಾ ಬರಿ" ಎಂದಳು ಅಕ್ಕ. ನಮ್ಮ ಕಡೆ ಲಗ್ನಪತ್ರಿಕೆಯ ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ. ಎರಡರಲ್ಲೂ ವರನ ಹೆಸರನ್ನು ಯಾರೂ ಓದುವುದಿಲ್ಲ. ಕೆಳಗೆ ತಮ್ಮ ಹೆಸರು ಎಷ್ಟನೆಯದು ಎಂದು ಹುಡುಕುತ್ತಾರೆ.

ನಾನು ಅಭ್ಯಾಸಬಲದಿಂದ ಕಾಗದದ ನಡುವೆ ಗೆರೆ ಎಳೆದೆ. ಪ್ರತಿ ಮದುವೆಯಲ್ಲೂ ಮುನಿಸಿಕೊಂಡು, ಹತ್ತು ಜನ ಕರೆದ ಮೇಲೆಯೇ ಊಟಕ್ಕೇಳುವ ಹತ್ತಿ ವ್ಯಾಪಾರಿ ದೊಡ್ಡಪ್ಪನಿಗೆ ದಪ್ಪ ಅಕ್ಷರ. ಅಪ್ಪನ ಕಾಲದಲ್ಲಿ ನಮ್ಮ ಹತ್ತಿಬಂಡಿ ಹೊಡೆಯುತ್ತಿದ್ದ, ಈಗ ಸಿ. ಬೆಳಗಲ್ಲು ಎಂಬ ಹಳ್ಳಿಯಲ್ಲಿ ಕುರಿ ಕಾಯುವ ಈರಣ್ಣನ ಹೆಸರನ್ನು ಮಾತ್ರ ಅಕ್ಕ ಬರೆಸಿದ್ದ ಪಟ್ಟಿಯಿಂದ ಹೊಡೆದುಹಾಕಿದೆ.

"ಇದನ್ಯಾಕ ಹೊಡದಿ?" ಎಂದಳು ಅಕ್ಕ.

"ಬಂಡಿ ಹೊಡ್ಯಾವ ಅಲ್ಲೇನಕ್ಕ? ಕಿರುಪಾತ್ರ."

"ನಾ ಬಾಣಂತನಕ್ಕಂತ ತವರಿಗೆ ಬಂದಾಗ ಹಳ್ಳ ತುಂಬಿ ಬಸ್ಸು ನಿಂತಿದ್ವು. ನೀರಾಗ ಬಂಡಿ ಇಳಿಸಿ ನನ್ನ ದವಾಖಾನಿಗೆ ಮುಟ್ಟಿಸಿದಾವ ಯಾರು, ನಿನ್ನ ದೊಡ್ಡಪ್ಪನಾ? ಆತ ಇದ್ದಿದ್ದಕ್ಕ ನಾನೂ ಇದೀನಿ, ಮಗಳೂ ಅದಾಳ. ಆವತ್ತು ನೀ ಕಟ್ಟಿ ಮ್ಯಾಲ ಕುಂತು ಬುಕ್ ಓದ್ತಿದ್ದಿ." ಅವಳ ಕಣ್ಣು ತುಂಬಿತ್ತು. "ಈರಣ್ಣನ ಹೆಸರಿಲ್ಲಂದ್ರ ನನಗ ಕಾರ್ಡೂ ಬ್ಯಾಡ."

ನನಗೆ ನಾಚಿಕೆಯಾಯಿತು. ಆ ಗ್ರೀಕ್ ಕವಿಯಾದರೂ ಒಂದು ಸಾಲಿನಲ್ಲಿ ಸಾಯುವವನಿಗೂ ತಂದೆಯ ಹೆಸರು, ಊರಿನ ಹೆಸರು ಕೊಟ್ಟೇ ಕಳಿಸುತ್ತಾನೆ. ಆ ಸಾಲುಗಳನ್ನು ಪಾಠದಲ್ಲಿ ಹಾರಿಸುತ್ತಿದ್ದವನು ನಾನೇ. ತಂದೆಯ ಹೆಸರು, ಊರು ಸಮೇತ ಈರಣ್ಣನನ್ನು ಪಟ್ಟಿಯ ಕೊನೆಯಲ್ಲಿ ಸೇರಿಸಿ ಅಚ್ಚಿಗೆ ಕೊಟ್ಟೆ.

ಅಚ್ಚಾಗಿ ಬಂದ ಮೊದಲ ಪತ್ರಿಕೆಯನ್ನು ನಾನೇ ಒಯ್ದೆ. ಕುರಿಗಳ ನಡುವೆ ನಿಂತಿದ್ದ ಈರಣ್ಣ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತೆಗೆದುಕೊಂಡ. ಸಾಲುಸಾಲಿಗೂ ಬೆರಳಿಟ್ಟು ಓದುತ್ತ ಬಂದು, ತನ್ನ ಹೆಸರಿನ ಮೇಲೆ ಬಹಳ ಹೊತ್ತು ನಿಂತ. ಆಮೇಲೆ ಮತ್ತೆ ಮೇಲಿನಿಂದ ಶುರುಮಾಡಿದ.

"ಎಲ್ಲಾ ಚೊಲೊ ಐತ್ರಿ ಸಣ್ಣ ಸಾವ್ಕಾರ್ರ. ಆದ್ರ ಹುಡುಗಿ ಸೋದರಮಾವನ ಹೆಸರು ಎಲ್ಲೈತ್ರಿ?"

ನಾನು ನಕ್ಕು ಪತ್ರಿಕೆ ಇಸಿದುಕೊಂಡೆ. ಕನ್ನಡದ ಮಗ್ಗುಲು ನೋಡಿದೆ, ತೆಲುಗಿನ ಮಗ್ಗುಲು ನೋಡಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಎಲ್ಲರನ್ನೂ ಹಂಚಿ ಕೂರಿಸುವ ಸಂಭ್ರಮದಲ್ಲಿ ನನ್ನನ್ನೇ ಮರೆತಿದ್ದೆ. ಅದು ಹೋಗಲಿ, ಅಕ್ಕನಿಗಾಗಲಿ ನನ್ನ ಹೆಂಡತಿಗಾಗಲಿ ಅದು ಕಂಡಿರಲೇ ಇಲ್ಲ ಎನ್ನುವುದು ನಿಜಕ್ಕೂ ನೋಯಿಸಿತು.

ಈರಣ್ಣನಿಗೆ ಪಾಪವೆನಿಸಿತೇನೋ. "ನನ್ನ ಹೆಸರಿನ ಕೆಳಗ ಜಾಗ ಐತಲ್ರಿ, ಬರ್ಕೊಳ್ರಿ. ಬಂಡ್ಯಾಗ ಎಷ್ಟು ಸಲ ಹಿಂದ ಕುಂತೀರಿ ನೀವು" ಎಂದ.

ಮನೆಗೆ ಬಂದು ಅಷ್ಟೂ ಪತ್ರಿಕೆಗಳಲ್ಲಿ ಪೆನ್ನಿನಿಂದ ಬರೆಯುತ್ತ ಕುಳಿತೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ಕೇಳಿದಳು, "ಏನ್ರೀ ಅದು, ಯಾರರ ಮುಖ್ಯದವರ ಹೆಸರು ಬಿಟ್ಟಿತ್ತೇನು?"

"ಇಲ್ಲ" ಎಂದೆ. "ಬಂಡ್ಯಾಗ ಹಿಂದ ಕುಂತಿದ್ದಾವಂದು."