ಪಕ್ಕದ ಮನೆಯ ನೀರು ಪಾಸು

"ನಮ್ಮನೆ ನೀರು ಪರಶುರಾಮನ ಮನೆ ನೀರಿಗಿಂತ ಶುದ್ಧ ಅಂತ ತೋರಿಸದಿದ್ರೆ ನಾನು ವಾಮದೇವಪ್ಪನೇ ಅಲ್ಲ!"

ದೇವರಾಜ ಅರಸು ಬಡಾವಣೆಯ ಜವಳಿ ವ್ಯಾಪಾರಿ ವಾಮದೇವಪ್ಪ ಹೀಗೆ ಶಪಥ ಮಾಡಲು ಕಾರಣವಿತ್ತು. ಪಕ್ಕದ ಮನೆಯ ಪರಶುರಾಮ ತನ್ನ ನಲ್ಲಿ ನೀರನ್ನು ಹರಿಹರದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ರಿಪೋರ್ಟಿಗೆ ಗಾಜಿನ ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ನೇತುಹಾಕಿದ್ದ. ಅದನ್ನು ನೋಡಿಬಂದ ಹೆಂಡತಿ ಶಾಂತಕುಮಾರಿ ಪಾಠ ಶುರುಮಾಡಿದಳು: ನೀರಿಗೆ ಕ್ಲೋರಿನ್ ಹಾಕಿದ ಮೇಲೆ ಅದರಲ್ಲೊಂದು ಕೆಟ್ಟ ವಸ್ತು ಹುಟ್ಟುತ್ತದಂತೆ, ಹೆಸರು ಟ್ರೈಹ್ಯಾಲೋಮೀಥೇನ್, ಪರಶುರಾಮಣ್ಣನ ಮನೆ ನೀರಲ್ಲಿ ಅದು ಅಳತೆ ಮೀರಿಲ್ಲವಂತೆ. ವಾಮದೇವಪ್ಪನಿಗೆ ಉರಿದುಹೋಯಿತು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಈಕೆಯ ಬಾಯಲ್ಲಿ ಗಂಡನ ಹೆಸರು ಬಂದಿಲ್ಲ. ಪಕ್ಕದ ಮನೆಯವನು ಹೇಳಿಕೊಟ್ಟ ಹೆಸರು ಒಂದೇ ಸಂಜೆಗೆ ತೊದಲದೆ ಬಂತಲ್ಲ!

ಮಾರನೆ ದಿನವೇ ಹರಿಹರಕ್ಕೆ ಹೋಗಿ ಲ್ಯಾಬಿನ ಬಾಟಲಿ ತಂದ. ಆದರೆ ಇದ್ದ ನೀರನ್ನು ಇದ್ದಂಗೇ ಕಳಿಸಲು ಮನಸ್ಸು ಒಪ್ಪಲಿಲ್ಲ. ಹೆಣ್ಣು ನೋಡಲು ಬರುವವರಿದ್ದಾಗ ಮನೆಗೆ ಸುಣ್ಣ ಬಳಿಸುವುದಿಲ್ಲವೆ? ಹೊಂಗೆ ಎಲೆ ಕೊಳೆತು ಕೂತಿದ್ದ ಅಂಗಳದ ನೀರಿನ ಸಂಪಿನೊಳಗೆ ಒಂದು ಬೋಗುಣಿ ಬ್ಲೀಚಿಂಗ್ ಪೌಡರ್ ಸುರಿದು, ಎರಡು ದಿನ ಬಿಟ್ಟು, ನಲ್ಲಿ ತಿರುಗಿಸಿ ಬಾಟಲಿ ತುಂಬಿದ. ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಬಾಣಂತಿ ಕೂಸನ್ನು ಹಿಡಿದಂತೆ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗಿ ಕೊಟ್ಟ. ಬರುವಾಗ ಪರಶುರಾಮನದಕ್ಕಿಂತ ಒಂದು ಗೇಣು ದೊಡ್ಡ ಫ್ರೇಮಿಗೆ ಆರ್ಡರೂ ಹಾಕಿದ.

ವಾರದ ಮೇಲೆ ರಿಪೋರ್ಟು ಕೈಗಿಡುತ್ತ ಲ್ಯಾಬಿನ ನಯನಾ ಕೇಳಿದಳು, "ಸರ್, ಸಂಪಿನೊಳಗೆ ಏನಾದ್ರೂ ಹಾಕಿದ್ರೇನು?"

"ಒಂಚೂರು ಬ್ಲೀಚಿಂಗ್ ಪೌಡರ್. ಶುದ್ಧ ಆಗ್ಲಿ ಅಂತ."

"ಸಂಪಲ್ಲಿ ಎಲೆ ಗಿಲೆ ಕೊಳೆತಿದ್ದು, ಅದಕ್ಕೆ ಪೌಡರ್ ಸೇರಿದ್ರೇನೆ ಸರ್ ಈ ಟ್ರೈಹ್ಯಾಲೋಮೀಥೇನ್ ಹುಟ್ಟೋದು. ಅಳತೆಗಿಂತ ಮೂರು ಪಟ್ಟು ಐತೆ. ಸಂಪು ತೊಳೆಸೋ ತನಕ ಕುಡೀಬ್ಯಾಡ್ರಿ."

ವಾಮದೇವಪ್ಪ ರಿಪೋರ್ಟನ್ನು ಎಂಟು ಮಡಿಕೆ ಮಾಡಿ ಒಳಜೇಬಿಗೆ ತುರುಕಿದ. ಮನೆಯಲ್ಲಿ ಶಾಂತಕುಮಾರಿ ಆ ಎಂಟೂ ಮಡಿಕೆ ಬಿಚ್ಚಿ ಓದಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ಸೀದಾ ಕೊಡ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ತುಂಬಿದ ಕೊಡವನ್ನು ಪರಶುರಾಮ ತಾನೇ ಹೊತ್ತು ತಂದಿಳಿಸಿ, "ಅಣ್ಣಾರ, ಎಷ್ಟು ದಿನ ಬೇಕಾದ್ರೂ ಒಯ್ರಿ, ಸಂಕೋಚ ಬ್ಯಾಡ" ಅಂದು ಹೋದ.

ಆ ನೀರಿನ ಚಹಾ ಮುಂದೆ ಬಂದು ಕೂತಿತು. ವಾಮದೇವಪ್ಪ ಕಷಾಯ ಕುಡಿಯುವವನ ಮುಖ ಮಾಡಿ ಒಂದು ಗುಟುಕು ಹೀರಿದ. ಇನ್ನೊಂದು ಹೀರಿದ. ಲೋಟ ಬರಿದಾದ ಮೇಲೆ ಗೋಡೆ ಕಡೆ ತಿರುಗಿಕೊಂಡು, ಯಾರಿಗೋ ಹೇಳುವವನಂತೆ ಕೇಳಿದ:

"ಇನ್ನರ್ಧ ಲೋಟ ಐತೇನು?"